ಸಣ್ಣಕತೆಯಲ್ಲಿ ಸದ್ದಿಲ್ಲದ ತಿರುವು: ಒಂದು ಅಧ್ಯಯನ ಟಿಪ್ಪಣಿ

ಮನೆವಾರ್ತೆಯ ಸುತ್ತ ಹೆಣೆದ ಸಣ್ಣಕತೆಗಳನ್ನು ಪರೀಕ್ಷೆಗಾಗಿ ಓದುವ ನಮಗೆಲ್ಲ ಒಂದೇ ಬಗೆಯ ತೊಡಕು ಎದುರಾಗುತ್ತದೆ. ವಸ್ತು, ಪಾತ್ರ, ಸನ್ನಿವೇಶ, ತಂತ್ರ ಎಂಬ ರೂಢಿಯ ತಲೆಬರಹಗಳ ಕೆಳಗೆ ಬರೆಯಲು ಕುಳಿತರೆ, ಕತೆಯಲ್ಲಿ ಏನು ನಡೆಯಿತು ಎಂಬ ಪ್ರಶ್ನೆಗೆ ಹೇಳಿಕೊಳ್ಳುವಂಥದ್ದೇನೂ ಸಿಗುವುದಿಲ್ಲ. ಆದರೂ ಕತೆ ಮುಗಿಯುವ ಹೊತ್ತಿಗೆ ಯಾರೋ ಒಬ್ಬರ ಬದುಕು ಮೊದಲಿದ್ದ ಜಾಗದಲ್ಲಿ ಉಳಿದಿಲ್ಲ ಎಂಬುದು ಓದಿದವರಿಗೆ ತಿಳಿದಿರುತ್ತದೆ. ಸಾವು, ಮದುವೆ, ಮನೆ ಬಿಟ್ಟು ಹೋಗುವುದು ಇಂಥವಿದ್ದರೆ ತಿರುವನ್ನು ಬೆರಳಿಟ್ಟು ತೋರಿಸಬಹುದು. ಅವಿಲ್ಲದ ಕತೆಯಲ್ಲಿ ಅದನ್ನು ಹುಡುಕುವುದು ಹೇಗೆ? ಮನೆಯ ರೂಢಿಯೊಂದು ಮೊದಲ ಬಾರಿಗೆ ಎಲ್ಲಿ ತಪ್ಪುತ್ತದೆಯೋ ಅಲ್ಲಿ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಮೊದಲು ಗುರುತಿಸಬೇಕಾದದ್ದು ರೂಢಿಯನ್ನು. ತಿರುವು ಆಮೇಲಿನ ಮಾತು.

ಕನ್ನಡದ ಕ್ರಿಯಾಪದಗಳೇ ಇದಕ್ಕೆ ನೆರವಾಗುತ್ತವೆ. ‘ಏಳುತ್ತಿದ್ದಳು’, ‘ಬಡಿಸುತ್ತಿದ್ದಳು’, ‘ಕೇಳುತ್ತಿದ್ದರು’ ಎಂಬ ರೂಪಗಳಲ್ಲಿ ದಿನವೂ ನಡೆಯುವುದು ಕಾಣುತ್ತದೆ. ‘ಎದ್ದಳು’, ‘ಬಡಿಸಲಿಲ್ಲ’, ‘ಕೇಳಿದರು’ ಎಂಬಲ್ಲಿ ಒಂದು ದಿನ ನಡೆದದ್ದು. ನುರಿತ ಕತೆಗಾರರು ಒಂದೆರಡು ಪುಟದವರೆಗೆ ಮೊದಲ ಬಗೆಯ ರೂಪಗಳಲ್ಲೇ ನಡೆದು, ಯಾವ ಮುನ್ಸೂಚನೆಯೂ ಇಲ್ಲದೆ ಎರಡನೆಯದಕ್ಕೆ ಹೊರಳುತ್ತಾರೆ. ನಾವಾದರೋ ಆ ಮೊದಲ ಪುಟಗಳ ಅಂಚಿನಲ್ಲಿ ‘ವಾತಾವರಣ ನಿರ್ಮಾಣ’ ಎಂದು ಪೆನ್ಸಿಲಿನಲ್ಲಿ ಬರೆದು ಮುಂದೆ ಹೋಗಿಬಿಡುತ್ತೇವೆ. ಅಲ್ಲಿ ನಿಲ್ಲದೆ ಹೋದವರಿಗೆ ತಿರುವು ಕಣ್ಣಿಗೆ ಬೀಳುವುದಿಲ್ಲ.

ಒಂದು ಉದಾಹರಣೆಯನ್ನು ನಾವೇ ಕಟ್ಟಿಕೊಂಡು ನೋಡೋಣ. ಬೆಂಗಳೂರಿನ ಹನುಮಂತನಗರದಲ್ಲೊಂದು ಬಾಡಿಗೆ ಮನೆ. ದಿನ ಬಿಟ್ಟು ದಿನ ನಸುಕಿನಲ್ಲಿ ಕಾವೇರಿ ನೀರು ಬಿಡುತ್ತಾರೆ. ನಲ್ಲಿಯಲ್ಲಿ ಮೊದಲು ಗಾಳಿ ಸುಯ್ಗುಟ್ಟುತ್ತಿದ್ದಂತೆಯೇ ಸೊಸೆ ಏಳುತ್ತಾಳೆ, ಅಡುಗೆಮನೆಯ ಕೊಡಗಳನ್ನೂ ಬಚ್ಚಲಿನ ಡ್ರಮ್ಮನ್ನೂ ತುಂಬಿಸುತ್ತಾಳೆ. ಗಂಡನಿಗೆ ಗಾಢ ನಿದ್ದೆ. ಅತ್ತೆಗೆ ಎಚ್ಚರವಿರುತ್ತದೆ, ಆದರೆ ಅವರು ಏಳುವುದಿಲ್ಲ. ನಲ್ಲಿಯ ಸದ್ದು ನಿಂತಾಗ ಒಳಗಿನಿಂದಲೇ ‘ತುಂಬಿತೇನಮ್ಮಾ?’ ಎಂದು ಕೇಳುತ್ತಾರೆ, ‘ತುಂಬ್ತು ಅತ್ತೆ’ ಎಂಬ ಉತ್ತರ ಬಂದ ಮೇಲೆ ಮಗ್ಗುಲು ಬದಲಿಸುತ್ತಾರೆ. ಇದಿಷ್ಟು ರೂಢಿ. ಒಂದು ನಸುಕಿನಲ್ಲಿ ಗಾಳಿಯ ಸದ್ದು ಕೇಳಿಸಿತು, ನೀರು ಬಂತು, ರಾತ್ರಿ ನಲ್ಲಿಯ ಕೆಳಗೇ ಬಿಟ್ಟಿದ್ದ ಬಕೆಟ್ಟು ತುಂಬಿ ಹೊರಚೆಲ್ಲತೊಡಗಿತು. ಸೊಸೆ ಕಣ್ಣು ತೆರೆದುಕೊಂಡೇ ಮಲಗಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ಏನೂ ಕೇಳದೆ ಎದ್ದರು, ಸೆರಗು ಸಿಕ್ಕಿಸಿಕೊಂಡು ಕೊಡಗಳನ್ನು ಒಂದೊಂದಾಗಿ ಹಿಡಿದರು. ಬೆಳಗ್ಗೆ ಕಾಫಿ ಎಂದಿನ ಹೊತ್ತಿಗೆ ಆಯಿತು. ಈ ವಿಚಾರವನ್ನು ಯಾರೂ ಎತ್ತಲಿಲ್ಲ.

ಇಲ್ಲಿ ತಿರುವು ಯಾವುದು? ಸೊಸೆ ಏಳದೆ ಹೋದದ್ದು ಎಂದು ಬಹಳ ಮಂದಿ ಗುರುತು ಹಾಕಬಹುದು. ನನಗೆ ಹಾಗನ್ನಿಸುವುದಿಲ್ಲ. ಏಳದಿರುವುದಕ್ಕೆ ದಣಿವು, ಜ್ವರ, ಹಿಂದಿನ ರಾತ್ರಿಯ ಜಗಳ ಹೀಗೆ ಯಾವ ಕಾರಣವಾದರೂ ಇರಬಹುದು, ನಾಡಿದ್ದು ಅವಳು ಮತ್ತೆ ಏಳಲೂಬಹುದು. ಕಥೆ ಹೊರಳುವುದು ಅತ್ತೆ ತಮ್ಮ ಪ್ರಶ್ನೆಯನ್ನು ಕೇಳದೆ ಎದ್ದ ಕ್ಷಣದಲ್ಲಿ; ಒಬ್ಬಳ ರೂಢಿ ತಪ್ಪಿದ್ದನ್ನು ಇನ್ನೊಬ್ಬರು ತಮ್ಮ ರೂಢಿಯನ್ನು ಬಿಟ್ಟು ಒಪ್ಪಿಕೊಂಡಾಗಲೇ ಮನೆಯ ಲೆಕ್ಕ ಬದಲಾಗುತ್ತದೆ. ‘ತುಂಬಿತೇನಮ್ಮಾ?’ ಎಂಬ ಮಾತನ್ನು ಮೊದಲೇ ಕೇಳಿಸಿರದಿದ್ದರೆ, ಅದು ಬಾರದೆ ಹೋದದ್ದೂ ಓದುಗನ ಗಮನಕ್ಕೆ ಬರುತ್ತಿರಲಿಲ್ಲ. ಇದೇ ಜಾಗದಲ್ಲಿ ‘ಇನ್ನು ಸಾಕು ಎಂದು ಅವಳ ಮನಸ್ಸು ಚೀರಿತು’ ಎಂದೊಂದು ವಾಕ್ಯ ಸೇರಿಸಿ ನೋಡಿ. ಅತ್ತೆ ಎದ್ದದ್ದಕ್ಕೆ ಬೆಲೆಯೇ ಉಳಿಯುವುದಿಲ್ಲ. ವಿವರಗಳ ಆಯ್ಕೆಯೂ ಇದೇ ನಿಯಮಕ್ಕೆ ಒಳಪಡುತ್ತದೆ. ಆ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳ ಬಲದಲ್ಲಿ ಬೆಂಗಳೂರಿನ ಎತ್ತರಕ್ಕೆ ಏರಿ ಬರುತ್ತದೆ ಎಂಬುದು ನಿಜ, ಆದರೆ ಈ ಕತೆಗೆ ಬೇಕಾದದ್ದು ಅದು ಎಷ್ಟು ಹೊತ್ತಿಗೆ ಬರುತ್ತದೆ ಮತ್ತು ಯಾರು ಏಳಬೇಕು ಎಂಬುದು ಮಾತ್ರ.

ಮಾಡಿದ್ದು ಮೊದಲು, ಅದರ ಅರ್ಥ ಆಮೇಲೆ ಎಂಬ ಈ ಕ್ರಮವನ್ನು ಕೆನಡಾದ ಕತೆಗಾರ್ತಿ ಆಲಿಸ್ ಮನ್ರೋ ಅವರಲ್ಲಿ ಸ್ಪಷ್ಟವಾಗಿ ನೋಡಬಹುದು. ಅವರು 2013ರಲ್ಲಿ ನೊಬೆಲ್ ಪಡೆದವರು. ಅವರ ಮೊದಲ ಸಂಕಲನ ‘ಡ್ಯಾನ್ಸ್ ಆಫ್ ದ ಹ್ಯಾಪಿ ಶೇಡ್ಸ್’ 1968ರದು. ಅದರಲ್ಲಿ ‘ಬಾಯ್ಸ್ ಅಂಡ್ ಗರ್ಲ್ಸ್’ ಎಂಬ ಕತೆಯಿದೆ. ಅಪ್ಪ ತುಪ್ಪಳಕ್ಕಾಗಿ ನರಿಗಳನ್ನು ಸಾಕುತ್ತಾನೆ, ಅವುಗಳ ಆಹಾರಕ್ಕಾಗಿ ಮುದಿ ಕುದುರೆಗಳನ್ನು ಕೊಲ್ಲುತ್ತಾನೆ. ಅಡುಗೆಮನೆಗಿಂತ ಅಪ್ಪನ ಜೊತೆಯ ಹೊರಗಿನ ಕೆಲಸವನ್ನೇ ಇಷ್ಟಪಡುವ ಹುಡುಗಿ ಕತೆಯನ್ನು ಹೇಳುತ್ತಾಳೆ. ಕೊಲ್ಲಬೇಕಾಗಿದ್ದ ಫ್ಲೋರಾ ಎಂಬ ಕುದುರೆ ತಪ್ಪಿಸಿಕೊಂಡು ಓಡುವಾಗ ಗೇಟು ಮುಚ್ಚು ಎಂದು ಅಪ್ಪ ಕೂಗುತ್ತಾನೆ. ಅವಳು ಸರಿಯಾದ ಹೊತ್ತಿಗೆ ಗೇಟಿನ ಬಳಿ ತಲುಪುತ್ತಾಳೆ, ಮತ್ತು ಅದನ್ನು ಅಗಲವಾಗಿ ತೆರೆದುಬಿಡುತ್ತಾಳೆ. ಏಕೆ ಹಾಗೆ ಮಾಡಿದಳೆಂಬುದು ಅವಳಿಗೇ ತಿಳಿಯದು. ಊಟದ ಹೊತ್ತಿನಲ್ಲಿ ಅವಳ ತಮ್ಮ ಆ ಸಂಗತಿಯನ್ನು ಹೊರಗೆಡಹುತ್ತಾನೆ. ಅಪ್ಪ ಬೈಯುವುದಿಲ್ಲ, ಅವಳು ಹುಡುಗಿ ತಾನೆ ಎಂದುಬಿಡುತ್ತಾನೆ. ಇಲ್ಲಿ ತಿರುವು ಗೇಟಿನ ಬಳಿ ಆಯಿತೇ, ಊಟದ ಮೇಜಿನಲ್ಲಿ ಆಯಿತೇ ಎಂಬುದನ್ನು ಗುಂಪಿನಲ್ಲಿ ಚರ್ಚಿಸುವುದು ಒಳ್ಳೆಯದು. ಮೇಜಿನಲ್ಲಿ ಎನ್ನುವವರ ಕಡೆಗೆ ನಾನು ವಾಲುತ್ತೇನೆ, ಏಕೆಂದರೆ ಆ ಮಾತಿಗೆ ಅವಳು ಎದುರಾಡುವುದಿಲ್ಲ.

ರಷ್ಯದ ಕತೆಗಾರ ಚೆಕಾವ್ 1899ರಲ್ಲಿ ಪ್ರಕಟಿಸಿದ ನಾಯಿಯೊಡನೆ ತಿರುಗುವ ಮಹಿಳೆಯ ಕತೆಯ ಮುಂದೆ ನನ್ನ ಸೂತ್ರ ಸ್ವಲ್ಪ ಬಾಗಬೇಕಾಗುತ್ತದೆ. ಯಾಲ್ಟಾದಲ್ಲಿ ಒಬ್ಬಳನ್ನು ಪ್ರೀತಿಸಿ ಮಾಸ್ಕೋದ ಸಂಸಾರಕ್ಕೆ ಮರಳಿದ ಗುರೋವ್, ಒಂದು ರಾತ್ರಿ ಕ್ಲಬ್ಬಿನಿಂದ ಹೊರಬರುವಾಗ ಜೊತೆಗಾರನಾದ ಅಧಿಕಾರಿಯ ಮುಂದೆ ಅವಳ ಮಾತನ್ನು ತಡೆಯಲಾರದೆ ಎತ್ತುತ್ತಾನೆ. ಆ ಮನುಷ್ಯ ಗಾಡಿ ಹತ್ತಿ ಹೊರಟವನು ತಿರುಗಿ, ಊಟದಲ್ಲಿ ಬಡಿಸಿದ ಮೀನು ವಾಸನೆ ಹೊಡೆಯುತ್ತಿತ್ತೆಂದು ಗುರೋವ್ ಹೇಳಿದ್ದು ಸರಿ ಎಂದು ಕೂಗುತ್ತಾನೆ. ಇಲ್ಲಿ ರೂಢಿ ತಪ್ಪಿಲ್ಲ. ಇಂಥ ಮಾತುಗಳನ್ನು ಗುರೋವ್ ಅಲ್ಲಿಯವರೆಗೆ ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಾನೆ, ಆಡಿದ್ದಾನೆ. ರೂಢಿ ಎಂದಿನಂತೆ ನಡೆದೇ ಇದೆ, ಅವನಿಗೆ ಅದರೊಳಗೆ ಇರಲು ಮಾತ್ರ ಆಗುತ್ತಿಲ್ಲ. ಐರ್ಲೆಂಡಿನ ಜೇಮ್ಸ್ ಜಾಯ್ಸ್‌ರ 1914ರ ‘ಡಬ್ಲಿನರ್ಸ್’ ಸಂಕಲನದ ಕೊನೆಯ ಕತೆಯಲ್ಲಿ, ಹೆಂಡತಿಯನ್ನು ಹಿಂದೆಂದೋ ಪ್ರೀತಿಸಿ ತೀರಿಕೊಂಡ ಹುಡುಗನೊಬ್ಬನ ವಿಷಯ ಗೇಬ್ರಿಯಲ್‌ಗೆ ತಿಳಿಯುವುದೂ ಈ ಬಗೆಯದೇ. ಜಾಯ್ಸ್‌ರಿಂದ ಬಂದ ‘ಎಪಿಫನಿ’ (ತಟ್ಟನೆ ಮೂಡುವ ಅರಿವು) ಎಂಬ ಪಾರಿಭಾಷಿಕ ಪದವನ್ನು ಉತ್ತರಪತ್ರಿಕೆಗಳಲ್ಲಿ ಎಲ್ಲ ಕತೆಗಳಿಗೂ ಅಂಟಿಸುವ ಚಾಳಿ ನಮ್ಮಲ್ಲಿದೆ. ಅರಿವು ಮೂಡುವ ಗುರೋವ್ ಮತ್ತು ಗೇಬ್ರಿಯಲ್‌ರಿಗೆ ಅದು ಹೊಂದುತ್ತದೆ, ಗೇಟು ತೆರೆದ ಹುಡುಗಿಗೆ ಹೊಂದುವುದಿಲ್ಲ.

ಇನ್ನು ನಮ್ಮ ಊರಿಗೆ ಬರೋಣ. 1920ರ ‘ಕೆಲವು ಸಣ್ಣ ಕತೆಗಳು’ ಸಂಕಲನದಿಂದ ಕನ್ನಡ ಸಣ್ಣಕತೆಗೆ ಗಟ್ಟಿ ನೆಲೆ ಒದಗಿಸಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬಾಳಿದ್ದು ಇದೇ ಹನುಮಂತನಗರದ ಪಕ್ಕದ ಗವೀಪುರದಲ್ಲಿ. ಅವರ ‘ಮೊಸರಿನ ಮಂಗಮ್ಮ’ ಕತೆಯನ್ನು ಬಹಳ ಜನ ಶಾಲೆಯಲ್ಲೇ ಓದಿದ್ದೇವೆ, ಮತ್ತು ಅತ್ತೆಸೊಸೆಯರ ಜಗಳದ ಕತೆ ಎಂದು ಅದನ್ನು ಬದಿಗಿಟ್ಟಿದ್ದೇವೆ. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ತಂದು ಮಾರುವ ಮಂಗಮ್ಮ, ಮೊಮ್ಮಗನನ್ನು ಸೊಸೆ ಹೊಡೆದಳೆಂದು ಆಡಿದ ಮಾತು ಬೆಳೆದು ಮಗನ ಸಂಸಾರದಿಂದ ಬೇರೆಯಾಗುತ್ತಾಳೆ. ಜಗಳ, ಬೇರೆ ಒಲೆ, ರಂಗಪ್ಪನೆಂಬವನ ಸಲಿಗೆ, ಕೊನೆಗೆ ರಾಜಿ ಎಲ್ಲವೂ ನಡೆಯುವುದು ಹಳ್ಳಿಯಲ್ಲಿ. ಕತೆ ಹೇಳುವ ಗೃಹಿಣಿ ಇರುವುದು ಬೆಂಗಳೂರಿನ ತನ್ನ ಮನೆಯಲ್ಲಿ. ಮಂಗಮ್ಮ ಮೊಸರು ಅಳೆದುಕೊಟ್ಟು ನಾಲ್ಕು ಮಾತಾಡುವ ಹೊತ್ತಿನಲ್ಲಿ ಎಷ್ಟು ಹೊರಬಿದ್ದರೆ ಅಷ್ಟೇ ಅವಳಿಗೂ ನಮಗೂ ಸಿಗುವುದು. ಹಾಗಾಗಿ ಇಲ್ಲಿ ರೂಢಿಯೆಂದರೆ ಮೊಸರಿನ ವರ್ತನೆಯೇ, ಅಂದರೆ ಗೊತ್ತಾದ ಮನೆಗೆ ತಪ್ಪದೆ ಮೊಸರು ಕೊಟ್ಟುಹೋಗುವುದು. ಸಂಸಾರಕ್ಕೆಂದು ಕಾಸು ಕೂಡಿಡುತ್ತಿದ್ದ ಮಂಗಮ್ಮ ತನಗಾಗಿ ಮಖಮಲ್ಲಿನ ರವಿಕೆ ಹೊಲಿಸಿಕೊಂಡಳು ಎಂಬಲ್ಲಿ ನಿಲ್ಲಬೇಕು. ಜಗಳದಲ್ಲಿ ಕಳೆದುಹೋದದ್ದು ಎಷ್ಟು ಎಂಬುದರ ಅಳತೆ ಆ ಬಟ್ಟೆಯಲ್ಲಿದೆ.

ನನ್ನ ಓದಿನಲ್ಲಿ ತಿರುವು ಇರುವುದು ಮೊಮ್ಮಗ ಅಪ್ಪ ಅಮ್ಮನ ಮನೆಯಿಂದ ಅಜ್ಜಿಯ ಕಡೆಗೆ ಬರುವಲ್ಲಿ. ಅದರ ಹಿಂದೆ ಸೊಸೆ ನಂಜಮ್ಮನ ಜಾಣತನವೂ ಇದೆ, ಮುದುಕಿಯ ದುಡ್ಡು ಬೇರೆಯವರ ಪಾಲಾದೀತೆಂಬ ಅಳುಕೂ ಇದೆ. ಇಷ್ಟಾದರೂ ಮಂಗಮ್ಮನ ಸಂತೋಷವನ್ನು ಮಾಸ್ತಿ ಸಣ್ಣದು ಮಾಡುವುದಿಲ್ಲ. ಲೆಕ್ಕಾಚಾರ ಮತ್ತು ಮಮತೆ ಎರಡನ್ನೂ ಒಂದೇ ಮಗುವಿನ ಕೈಗೆ ಕೊಟ್ಟು ಕಳಿಸಿದ ಈ ಎಚ್ಚರಕ್ಕಾಗಿಯೇ ಕತೆಯನ್ನು ಮತ್ತೊಮ್ಮೆ ಓದಬೇಕು. ಆಮೇಲೆ ಮೊಸರಿನ ಕೆಲಸ ಸೊಸೆಯ ಕೈಗೆ ಬರುತ್ತದೆ.

ಕೊನೆಯಲ್ಲಿ ನಿರೂಪಕಿ, ಮಗನನ್ನು ಬಿಟ್ಟುಕೊಡಲಾರದ ತಾಯಿ ಮತ್ತು ಗಂಡನನ್ನು ತನ್ನವನಾಗಿಸಿಕೊಳ್ಳಬೇಕಾದ ಹೆಂಡತಿ ಎಂದು ವಿಷಯವನ್ನು ಎಲ್ಲ ಮನೆಗಳಿಗೂ ಅನ್ವಯಿಸಿ ಮಾತಾಡುತ್ತಾಳೆ. ಅದನ್ನೇ ಕತೆಯ ಸಾರವೆಂದು ಎತ್ತಿ ಬರೆದರೆ ಪರೀಕ್ಷೆಯಲ್ಲಿ ಅಂಕವೇನೋ ಬರುತ್ತದೆ. ಆದರೆ ಅವಳೂ ಗಂಡ ಮಕ್ಕಳೊಂದಿಗೆ ಬಾಳುವ ಹೆಂಗಸು, ಗಂಡನನ್ನು ಕೈಯಲ್ಲಿಟ್ಟುಕೊಳ್ಳುವ ಉಪಾಯಗಳನ್ನು ಮಂಗಮ್ಮನ ಬಾಯಿಂದ ಕೇಳಿಸಿಕೊಂಡವಳು. ಅಷ್ಟೆಲ್ಲ ಕೇಳಿಯೂ ಅವಳ ಮನೆಯೊಳಗೆ ಯಾವ ರೂಢಿಯೂ ತಪ್ಪಿದ್ದು ಕಾಣುವುದಿಲ್ಲ. ಇದು ಮಾಸ್ತಿಯವರು ಬೇಕೆಂದೇ ಮುಚ್ಚಿಟ್ಟದ್ದೇ, ಅಥವಾ ಅವಳನ್ನು ಬರಿಯ ಕೇಳುವವಳನ್ನಾಗಿ ಇಟ್ಟುಕೊಂಡದ್ದೇ ಎಂಬ ಪ್ರಶ್ನೆಯನ್ನು ಮುಂದಿನ ಓದಿಗೆ ಇಟ್ಟುಕೊಳ್ಳೋಣ. ಅವಳು ತನ್ನ ಬಗ್ಗೆ ಹೇಳಿಕೊಂಡ ವಾಕ್ಯಗಳಿಗೆಲ್ಲ ಅಡಿಗೆರೆ ಎಳೆದುಕೊಂಡು ಬಂದರೆ ಚರ್ಚೆ ಸುಲಭವಾಗುತ್ತದೆ.