ಹೊಸ ಪಾರ್ಟ್ಸ್ ಹಾಕಿದ ಮೇಲೂ ಬ್ರೇಕ್ ಪೆಡಲ್ ಮೆತ್ತಗಿದೆಯಾ?

ಒಬ್ಬರು ಕಾರನ್ನು ಟೋ ಮಾಡಿಸಿಕೊಂಡು ಬಂದಿದ್ದರು. ಮುಂದಿನ ಎರಡೂ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ತಾವೇ ಬದಲಾಯಿಸಿದ್ದರು. "ಎರಡು ಬಾಟಲಿ ಬ್ರೇಕ್ ಆಯಿಲ್ ಮುಗಿಸಿದೆ ಸಾರ್. ಗುಳ್ಳೆ ಬರೋದೂ ನಿಂತಿದೆ. ಆದರೂ ಸ್ಪಂಜ್ ಒತ್ತಿದ ಹಾಗೇ ಇದೆ" ಅಂದರು. ಚಕ್ರ ಬಿಚ್ಚಿ ನೋಡಿದರೆ ಬ್ಲೀಡ್ ನಿಪ್ಪಲ್, ಅಂದರೆ ಒಳಗಿನ ಗಾಳಿ ಹೊರಬಿಡುವ ನಿಪ್ಪಲ್, ಕ್ಯಾಲಿಪರಿನ ಕೆಳಗಡೆ ಇದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು.

ದಡ್ಡತನ ಅಂತ ನಗಬೇಡಿ. ಎಷ್ಟೋ ಗಾಡಿಗಳಲ್ಲಿ ಕ್ಯಾಲಿಪರ್ ಅದಲುಬದಲಾದರೂ ಬೋಲ್ಟ್ ಸರಿಯಾಗೇ ಕೂರುತ್ತದೆ. ಆದರೆ ಗಾಳಿ ಯಾವಾಗಲೂ ಮೇಲಕ್ಕೇ ಹೋಗುತ್ತದೆ, ಅಲ್ವಾ? ನಿಪ್ಪಲ್ ಕೆಳಗಿದ್ದರೆ ಬರೀ ಆಯಿಲ್ ಹೊರಬರುತ್ತದೆ, ಗುಳ್ಳೆ ಮೇಲೆ ಆರಾಮಾಗಿ ಕೂತಿರುತ್ತದೆ. ಹತ್ತು ಬಾಟಲಿ ಸುರಿದರೂ ಅಷ್ಟೇ. ಕಡೆ ಬದಲಿಸಿ ಮತ್ತೆ ಏರ್ ತೆಗೆದೆ. ಪೆಡಲ್ ಕಲ್ಲಿನ ಹಾಗಾಯಿತು.

ಅದಕ್ಕೇ ನಾನು ಹೇಳೋದು, ಮತ್ತೆ ಬ್ಲೀಡ್ ಮಾಡೋಕೆ ಕೂರುವ ಮುಂಚೆ ಪೆಡಲ್ ಮೇಲೆ ಕಾಲಿಟ್ಟು ಸ್ವಲ್ಪ ಗಮನಿಸಿ. ಎಲ್ಲರೂ "ಪೆಡಲ್ ಲೂಸ್" ಅನ್ನುತ್ತಾರೆ. ಆದರೆ ಅದು ಒಂದೇ ಕಾಯಿಲೆ ಅಲ್ಲ. ಒತ್ತಿದಾಗ ರಬ್ಬರ್ ಚೆಂಡಿನ ಹಾಗೆ ಪುಟಿಯುತ್ತಿದ್ದರೆ ಮೊದಲ ಅನುಮಾನ ಗಾಳಿ ಮೇಲೆ. ತುಂಬಾ ಕೆಳಗೆ ಹೋಗಿ ಅಲ್ಲಿ ಗಟ್ಟಿಯಾಗಿ ನಿಂತು, ಎರಡು ಸಲ ಪಂಪ್ ಮಾಡಿದರೆ ಮೇಲಕ್ಕೆ ಬರುತ್ತಿದ್ದರೆ ಅದು ಶೂಗೂ ಡ್ರಮ್‌ಗೂ, ಇಲ್ಲವೇ ಪ್ಯಾಡಿಗೂ ಡಿಸ್ಕಿಗೂ ನಡುವೆ ಗ್ಯಾಪ್ ಜಾಸ್ತಿಯಾದ ಲಕ್ಷಣ. ಹಿಂದಿನ ಡ್ರಮ್ ಶೂ ಅಡ್ಜಸ್ಟ್ ಮಾಡಿ, ಮುಗಿಯಿತು. ಹ್ಯಾಂಡ್‌ಬ್ರೇಕ್ ಕ್ಯಾಲಿಪರಿನೊಳಗೇ ಇರುವ ಗಾಡಿಯಾದರೆ ಅದರ ಅಡ್ಜಸ್ಟರ್ ನೋಡಿ. ಕಾಲು ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ಇಳಿಯುತ್ತಾ ಹೋದರೆ ಮಾತ್ರ ಗಾಡಿ ರಸ್ತೆಗೆ ಇಳಿಸಲೇಬೇಡಿ. ಎಲ್ಲೋ ಆಯಿಲ್ ಸೋರುತ್ತಿದೆ, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹೋಗಿದೆ.

"ಮಾಸ್ಟರ್ ಸಿಲಿಂಡರ್ ನಾನು ಮುಟ್ಟೇ ಇಲ್ಲವಲ್ಲ" ಅಂತ ಕೇಳುವವರು ಜಾಸ್ತಿ. ಮುಟ್ಟಿಲ್ಲ, ಆದರೆ ತುಳಿದಿದ್ದೀರಿ. ದಿನಾ ಓಡಿಸುವಾಗ ಅದರ ಪಿಸ್ಟನ್ ಸ್ವಲ್ಪ ದೂರ ಮಾತ್ರ ಓಡಾಡುತ್ತದೆ. ಹಳೆಯ ಗಾಡಿಯಲ್ಲಿ ಅದರಾಚೆಯ ಜಾಗದಲ್ಲಿ ತುಕ್ಕು, ಕೊಳೆ ಕೂತಿರಬಹುದು. ಏರ್ ತೆಗೆಯುವಾಗ ಪೆಡಲನ್ನು ನೆಲದ ತನಕ ತುಳಿದರೆ ಸೀಲ್ ಆ ಒರಟು ಜಾಗಕ್ಕೆ ಉಜ್ಜಿ ಹರಿದುಹೋಗಬಹುದು. ಸಣ್ಣ ಕೆಲಸಕ್ಕೆ ಹೋಗಿ ದೊಡ್ಡ ಕೆಲಸ ಹೊತ್ತುಕೊಂಡ ಹಾಗೆ. ನಾನು ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಳ್ಳುತ್ತೇನೆ. ಅದಕ್ಕಿಂತ ಕೆಳಗೆ ಹೋಗೋದು ಬೇಡ. ಇನ್ನು ಮಾಸ್ಟರ್ ಸಿಲಿಂಡರನ್ನೇ ಹೊಸದು ಹಾಕುತ್ತಿದ್ದರೆ, ಗಾಡಿಗೆ ಕೂರಿಸುವ ಮುಂಚೆ ಟೇಬಲ್ ಮೇಲೇ ವೈಸ್‌ಗೆ ಹಿಡಿಸಿ ಅದರೊಳಗಿನ ಗಾಳಿ ತೆಗೆಯಿರಿ. ಇದನ್ನು ಬಿಟ್ಟು ನಾಲ್ಕೂ ಚಕ್ರ ಸುತ್ತಿ ಸುಸ್ತಾದವರನ್ನು ಸಾಕಷ್ಟು ನೋಡಿದ್ದೇನೆ.

ಗಾಳಿ ಯಾವ ಕಡೆ ಇದೆ ಅಂತ ಗೊತ್ತಾಗದಿದ್ದರೆ ಹೋಸ್ ಕ್ಲ್ಯಾಂಪ್ ತೆಗೆದುಕೊಳ್ಳಿ. ಬ್ರೇಕ್ ಹೋಸ್‌ಗೆಂದೇ ಇರುವ, ಬಾಯಿ ನುಣುಪಾದ ಕ್ಲ್ಯಾಂಪ್ ಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಹಿಸುಕಿದರೆ ಹೋಸ್ ಹಾಳು. ಎಲ್ಲಾ ರಬ್ಬರ್ ಹೋಸ್ ಬಿಗಿದು ಪೆಡಲ್ ಒತ್ತಿ. ಗಟ್ಟಿಯಾದರೆ ಮಾಸ್ಟರ್ ಸಿಲಿಂಡರ್ ಸರಿ ಇದೆ ಅಂತಾಯಿತು. ಆಮೇಲೆ ಒಂದೊಂದೇ ಬಿಡುತ್ತಾ ಬನ್ನಿ. ಯಾವುದನ್ನು ಬಿಟ್ಟಾಗ ಪೆಡಲ್ ಕುಸಿಯುತ್ತದೋ ತೊಂದರೆ ಆ ಚಕ್ರದಲ್ಲಿದೆ. ಹಳೇ ಹೋಸ್ ಒತ್ತಡಕ್ಕೆ ಊದಿಕೊಂಡರೂ ಪೆಡಲ್ ಮೆತ್ತಗಾಗುತ್ತದೆ. ಎಲ್ಲಾ ಬಿಗಿದ ಮೇಲೂ ಮೆತ್ತಗೇ ಇದ್ದರೆ ತೊಂದರೆ ಹೋಸ್‌ಗಿಂತ ಮೊದಲೇ, ಮಾಸ್ಟರ್ ಸಿಲಿಂಡರ್ ಇಲ್ಲವೇ ಎಬಿಎಸ್ ಕಡೆ ಇದೆ. ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಘಟಕದೊಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಸುಮ್ನೆ ಪಂಪ್ ಮಾಡಿ ಪ್ರಯೋಜನ ಇಲ್ಲ. ಎಷ್ಟೋ ಗಾಡಿಗಳಲ್ಲಿ ಸ್ಕ್ಯಾನರ್ ಹಾಕಿ ಅದರ ವಾಲ್ವ್‌ಗಳನ್ನು ಓಡಿಸಿಯೇ ತೆಗೆಯಬೇಕು.

ಪ್ಯಾಡ್ ಮಾತ್ರ ಬದಲಾಯಿಸಿದ್ದೀರಾ? ಲೈನ್ ಬಿಚ್ಚಿಲ್ಲ ಅಂದರೆ ಗಾಳಿ ಹೊಕ್ಕಿರುವ ಸಾಧ್ಯತೆ ಕಡಿಮೆ. ಸವೆದ ಡಿಸ್ಕಿನ ಅಂಚಿನಲ್ಲಿ ಏಣು ಎದ್ದಿದ್ದರೆ ಹೊಸ ಪ್ಯಾಡ್ ಅದರ ಮೇಲೆ ಕೂತು, ಒತ್ತಿದಾಗ ಬಾಗುತ್ತದೆ. ಬ್ರ್ಯಾಕೆಟ್‌ನಲ್ಲಿ ತುಕ್ಕಿದ್ದು ಪ್ಯಾಡ್ ವಾರೆಯಾಗಿ ಕೂತರೂ, ಕ್ಯಾಲಿಪರ್ ಸರಿದಾಡುವ ಸ್ಲೈಡ್ ಪಿನ್ ಬಿಗಿಯಾದರೂ ಇದೇ ಗತಿ. ಇದಕ್ಕೆ ಆಯಿಲ್ ಅಲ್ಲ, ವೈರ್ ಬ್ರಷ್ ಬೇಕು.

ಆಯಿಲ್ ಬಗ್ಗೆ ಒಂದೇ ಮಾತು. ಬಾಟಲಿ ಮೇಲಿನ 'ಡಾಟ್' ನಂಬರ್ ಬ್ರೇಕ್ ಆಯಿಲಿನ ದರ್ಜೆ. ಡಾಟ್ 5 ಸಿಲಿಕೋನ್ ಆಯಿಲ್, ಡಾಟ್ 5.1 ಅದಲ್ಲ. ಹೆಸರು ಇಟ್ಟವರಿಗೆ ಏನನ್ನಬೇಕೋ! ಡಾಟ್ 3, 4, 5.1 ಒಂದೇ ಜಾತಿ, ಡಾಟ್ 5 ಬೇರೆ. ಅದನ್ನು ಇವುಗಳ ಜೊತೆ ಬೆರೆಸಬೇಡಿ. ಮುಚ್ಚಳ ತೆರೆದು ಬಹಳ ದಿನವಾದ ಬಾಟಲಿಯೂ ಬೇಡ. ಅದು ಗಾಳಿಯ ತೇವ ಹೀರಿರುತ್ತದೆ. ತೇವ ಸೇರದ ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಒಳಗೇ ಆವಿಯಾದರೆ ಮತ್ತೆ ಅದೇ ಸ್ಪಂಜ್.

ಎಂಜಿನ್ ಸ್ಟಾರ್ಟ್ ಮಾಡಿದಾಗ ಒತ್ತಿ ಹಿಡಿದ ಪೆಡಲ್ ಒಂಚೂರು ಕೆಳಗಿಳಿದರೆ ಹೆದರಬೇಡಿ. ಕಾಲಿನ ಒತ್ತಡಕ್ಕೆ ಬಲ ಕೊಡುವ ಬೂಸ್ಟರ್ ಕೆಲಸ ಮಾಡುತ್ತಿದೆ, ಅಷ್ಟೇ. ಗಾಡಿ ತೆಗೆಯುವ ಮುಂಚೆ ಮಾತ್ರ ನಿಂತಲ್ಲೇ ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತೀರಿ, ಮೊದಲ ತುಳಿತ ಸೀದಾ ನೆಲಕ್ಕೆ ಹೋಗುತ್ತದೆ. ಕೆಲಸ ಕಲಿಯುವ ದಿನಗಳಲ್ಲಿ ನಾನಿದನ್ನು ಒಮ್ಮೆ ಮರೆತೆ. ಶೆಡ್ಡಿನ ಗೋಡೆ ಗಾಡಿಯನ್ನು ನಿಲ್ಲಿಸಿತು.