ಜಾಲರಿ ಇಟ್ಟರೂ ಸಿಂಕ್ ಯಾಕೆ ಕಟ್ಟಿಕೊಳ್ಳುತ್ತದೆ?

ಪ್ರಶ್ನೆ: ನಮ್ಮದು ಕೋಲಾರದಲ್ಲಿ ಬಾಡಿಗೆ ಮನೆ. ಅಡುಗೆಮನೆ ಸಿಂಕಿಗೆ ಸ್ಟೀಲ್ ಜಾಲರಿ ಇಟ್ಟಿದ್ದೇವೆ. ಒಂದು ಅಗುಳೂ ಒಳಗೆ ಹೋಗಲ್ಲ. ಆದರೂ ಎರಡು ತಿಂಗಳಿಗೊಮ್ಮೆ ನೀರು ನಿಂತುಬಿಡುತ್ತದೆ. ದಿನಾ ರಾತ್ರಿ ಕುದಿಯುವ ನೀರು ಸುರಿದರೆ ಸರಿಹೋಗುತ್ತಾ?

ಉತ್ತರ: ಕುದಿಯುವ ನೀರು ಬೇಡ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಇದನ್ನು ನೆನಪು ಮಾಡಿಕೊಳ್ಳಿ: ಮುದ್ದೆ ಮಾಡಿದ ಪಾತ್ರೆಯನ್ನು ನೆನೆಸಿಡುತ್ತೀರಲ್ವಾ, ಆ ನೀರನ್ನು ಎಲ್ಲಿಗೆ ಸುರಿಯುತ್ತೀರಿ?

ಸಿಂಕಿಗೇ ಅಂದರೆ, ಅರ್ಧ ಕಾರಣ ಅಲ್ಲೇ ಇದೆ. ಜಾಲರಿ ಚೂರುಗಳನ್ನು ತಡೆಯುತ್ತದೆ, ಹಿಟ್ಟನ್ನು ತಡೆಯಲ್ಲ. ಗೋಡೆಗೆ ಪೋಸ್ಟರ್ ಹಚ್ಚಲು ಮೈದಾ ಕುದಿಸಿ ಅಂಟು ಮಾಡುತ್ತಾರಲ್ಲ, ಬೆಂದ ರಾಗಿ ಹಿಟ್ಟೂ ಹಾಗೇ. ತಣ್ಣಗಾದರೆ ಪೈಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಒಗ್ಗರಣೆಯ ಎಣ್ಣೆ, ಟೀ ಪುಡಿ, ತೆಂಗಿನ ತುರಿ ಕೂರುತ್ತವೆ. ಅವರೆಕಾಯಿ ಕಾಲದಲ್ಲಿ ಇನ್ನೂ ಜಾಸ್ತಿ. ಹಿತಕಿದ ಬೇಳೆಯ ತೆಳು ಸಿಪ್ಪೆ ಮಡಚಿಕೊಂಡು ಜಾಲರಿಯ ತೂತಿನಲ್ಲೇ ನುಸುಳಿ ಹೋಗುತ್ತದೆ.

ನಮ್ಮ ಮನೆಯ ಪೈಪು ಬಿಚ್ಚಿಸಿದಾಗ ಒಳಗೆ ಸಿಕ್ಕಿದ್ದು ಬೂದು ಬಣ್ಣದ, ಮೇಣದಂಥ ಗಟ್ಟಿ ಪದರ. ಒಂದೂಕಾಲು ಇಂಚಿನ ಪೈಪಿನಲ್ಲಿ ಕಿರುಬೆರಳು ತೂರುವಷ್ಟು ಜಾಗ ಉಳಿದಿತ್ತು. ಇದರಲ್ಲಿ ನಮ್ಮ ಕಡೆಯ ನೀರಿನ ಪಾತ್ರವೂ ಇದೆ. ಬೋರ್‌ವೆಲ್ ನೀರು ಗಡಸು. ನಲ್ಲಿಯ ಬಾಯಿಗೆ ಬಿಳಿ ಪದರ ಕಟ್ಟುವುದನ್ನು ನೋಡಿರುತ್ತೀರಿ. ಆ ನೀರಿನ ಕ್ಯಾಲ್ಸಿಯಂ ಜಿಡ್ಡಿನ ಜೊತೆ ಸೇರಿ, ನೀರಿನಲ್ಲಿ ಕರಗದ ಒಂಥರಾ ಸೋಪು ಆಗುತ್ತದೆ. ಇನ್ನೊಂದು ಕಾರಣ, ನೀರಿನ ಅಭಾವ. ಟ್ಯಾಂಕರ್ ನೀರು ನೆಚ್ಚಿಕೊಂಡ ಮನೆಗಳಲ್ಲಿ ಚೆಂಬಿನಲ್ಲಿ ಅಳೆದು ಪಾತ್ರೆ ತೊಳೆಯುತ್ತೇವೆ. ಅದು ಸರಿಯೇ. ಆದರೆ ಅಷ್ಟು ಸಣ್ಣ ಧಾರೆಗೆ ಕೊಳೆಯನ್ನು ತಳ್ಳಿಕೊಂಡು ಹೋಗುವ ಬಲ ಇರಲ್ಲ.

ಈಗ ಕುದಿಯುವ ನೀರಿನ ವಿಷಯ. ಸಿಂಕಿನ ಕೆಳಗಿನ ಪಿವಿಸಿ ಪೈಪಿಗೆ 60 ಡಿಗ್ರಿ ದಾಟಿದ ಬಿಸಿ ಒಳ್ಳೆಯದಲ್ಲ. ಮೆತ್ತಗಾಗಿ ಬಾಗುತ್ತದೆ, ಕೂಡಿಸಿದ ಕಡೆ ಸೋರುತ್ತದೆ. ಜಿಡ್ಡು ಕರಗುವುದು ನಿಜ. ಆದರೆ ಮುಂದೆ ಹೋಗಿ, ತಣ್ಣಗಾಗಿ, ನಿಮ್ಮ ಕೈಗೆ ಎಟುಕದ ಜಾಗದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಕೈ ತಡೆಯುವಷ್ಟು ಬಿಸಿ ಸಾಕು.

ಹಿಂದೆ ನಮ್ಮ ಮನೆಗಳಲ್ಲಿ ಕಲಗಚ್ಚಿನ ಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಗಂಜಿ, ಮುದ್ದೆ ಪಾತ್ರೆಯ ನೀರು ಎಲ್ಲಾ ಅದಕ್ಕೆ, ಅಲ್ಲಿಂದ ಹಸುವಿಗೆ. ಬಾನಿ ಹೋಯಿತು, ಅದರ ಕೆಲಸವೆಲ್ಲ ಸಿಂಕಿನ ಮೇಲೆ ಬಿತ್ತು. ಹಾಗಾಗಿ ಸಿಂಕಿನ ಪಕ್ಕ ಒಂದು ಹಳೇ ಬಕೆಟ್ ಇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮುದ್ದೆ ಪಾತ್ರೆ ನೆನೆದ ಮೇಲೆ ಕೆರೆದು ಅದಕ್ಕೆ ಸುರಿಯಿರಿ. ಪಕ್ಕದಲ್ಲಿ ಹಸು ಕಟ್ಟಿದವರಿದ್ದರೆ ಕೇಳಿ ಕೊಡಿ, ಇಲ್ಲದಿದ್ದರೆ ಗಿಡದ ಬುಡಕ್ಕೆ ಹಾಕಿ. ಪಾತ್ರೆ ತೊಳೆಯುವ ಸೋಪಿನ ನೀರು ಮಾತ್ರ ಅದಕ್ಕೆ ಬೀಳಬಾರದು. ಎಣ್ಣೆ ಬಾಣಲೆಯನ್ನು ತೊಳೆಯುವ ಮೊದಲು ಹಳೇ ಪೇಪರಿನಲ್ಲಿ ಒರೆಸಿ. ಇವೆರಡು ಮಾಡಿದರೆ ಮುಕ್ಕಾಲು ಪಾಲು ತೊಂದರೆ ಬರುವುದೇ ಇಲ್ಲ ಅನ್ನುವುದು ನನ್ನ ಅನುಭವ.

ಪಾತ್ರೆ ಜಾಲಾಡಿಸಿದ ಕೊನೆಯ ನೀರನ್ನು ಇನ್ನೊಂದು ಬಕೆಟ್‌ನಲ್ಲಿ ಹಿಡಿದಿಟ್ಟು, ವಾರಕ್ಕೊಮ್ಮೆ ಸಿಂಕಿಗೆ ಒಟ್ಟಿಗೆ ಸುರಿಯಿರಿ. ಹೊಸ ನೀರು ಖರ್ಚಾಗಲ್ಲ, ಪೈಪಿಗೆ ಒಳ್ಳೆಯ ರಭಸ ಸಿಗುತ್ತದೆ.

ತಿಂಗಳಿಗೊಮ್ಮೆ ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪ್, ಅಂದರೆ ಪೈಪಿನಲ್ಲಿ ನೀರು ನಿಲ್ಲುವ ಬಾಟಲಿಯಂಥ ಭಾಗ, ಬಿಚ್ಚಿ ತೊಳೆಯಿರಿ. ಇದಕ್ಕೆ ಪ್ಲಂಬರ್ ಬೇಕಿಲ್ಲ. ಕೆಳಗೆ ಬಕೆಟ್ ಇಟ್ಟು ಅದರ ತಳದ ಬಟ್ಟಲನ್ನು ಕೈಯಲ್ಲೇ ತಿರುಗಿಸಿದರೆ ಬರುತ್ತದೆ. ರಬ್ಬರ್ ವಾಷರ್ ಕಳೆಯಬೇಡಿ, ಅದು ಸರಿಯಾಗಿ ಕೂರದಿದ್ದರೆ ಸೋರುತ್ತದೆ. ಟ್ರ್ಯಾಪಿನಲ್ಲಿ ನಿಲ್ಲುವ ನೀರೇ ಮೋರಿ ವಾಸನೆಯನ್ನು, ಜಿರಳೆಯನ್ನು ತಡೆಯುವುದು. ಟ್ರ್ಯಾಪ್ ಇಲ್ಲದೆ ಬರೀ ಮಡಿಕೆ ಮಡಿಕೆಯಾದ ಬಗ್ಗುವ ಪೈಪ್ ಇದ್ದರೆ, ಅದನ್ನು ಬದಲಾಯಿಸಿ. ಪ್ರತಿ ಮಡಿಕೆಯಲ್ಲೂ ಜಿಡ್ಡು ಕೂರುತ್ತದೆ.

ಅಡುಗೆ ಸೋಡಾ, ವಿನೆಗರ್ ನೊರೆಗೆ ಗಟ್ಟಿ ಜಿಡ್ಡು ಬಿಡಿಸುವ ಶಕ್ತಿ ಇಲ್ಲ. ಅಂಗಡಿಯ ಡ್ರೈನ್ ಪುಡಿಯಲ್ಲಿ ಸಾಮಾನ್ಯವಾಗಿ ಕಾಸ್ಟಿಕ್ ಸೋಡಾ ಇರುತ್ತದೆ, ಕೈ ಕಣ್ಣು ಸುಡುತ್ತದೆ. ಆಸಿಡ್ ಜೊತೆಗೆ ಬ್ಲೀಚಿಂಗ್ ಪುಡಿ ಮಾತ್ರ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಪುಟ್ಟ ಅಡುಗೆಮನೆಯಲ್ಲಿ ಅದು ಪ್ರಾಣಕ್ಕೇ ಅಪಾಯ.

ಇಷ್ಟು ಮಾಡಿದ ಮೇಲೂ ನೀರು ನಿಂತರೆ, ಹೊರಗಿನ ಚೇಂಬರ್ ಮುಚ್ಚಳ ತೆಗೆದು ನೋಡಿ. ಅಲ್ಲೂ ನೀರು ತುಂಬಿದ್ದರೆ ತೊಂದರೆ ನಿಮ್ಮ ಸಿಂಕಿನದಲ್ಲ, ಆಚೆ ಲೈನಿನದು. ಅದನ್ನು ಮನೆ ಮಾಲೀಕರಿಗೆ ತೋರಿಸಿ ಸರಿಮಾಡಿಸಿಕೊಳ್ಳಿ.