ಕೊಂಡಿ ಇಲ್ಲದೆಯೂ ಕೂಡುವ ಮಾತು

ಹುಬ್ಬಳ್ಳಿಯ ಸ್ಟಾಪಿನಲ್ಲಿ ಅಕ್ಕ-ತಂಗಿ ಇಬ್ಬರು 'ಚಿಗರಿ' ಅನ್ನುವ ಬಸ್ಸಿಗೆ ಕಾಯುತ್ತಿದ್ದಾರೆ ಅಂದುಕೊಳ್ಳಿ.

"ಅಕ್ಕಾ, ಚಿಗರಿ ಬಂತ ನೋಡು."

"ನನ್ನ ಚಪ್ಪಲಿ ಕಿತ್ತೈತಿ."

"ಮುಂದಿಂದಕ್ಕ ಹೋಗೂಣು ಬಿಡು."

ಬಸ್ಸಿಗೂ ಚಪ್ಪಲಿಗೂ ಏನು ಸಂಬಂಧ? ಮೊದಲೆರಡು ಮಾತುಗಳ ನಡುವೆ 'ಆದರೆ', 'ಯಾಕೆಂದರೆ' ಯಾವುದೂ ಇಲ್ಲ. ಆದರೂ ಅಕ್ಕ ಓಡಲಾರಳು ಅಂತ ತಂಗಿಗೆ ತಿಳಿಯಿತು. 'ಮುಂದಿಂದು' ಅಂದಾಗ ಅದಕ್ಕೆ ಹತ್ತಿರ ಇದ್ದ ಹೆಸರು ಚಪ್ಪಲಿಯದೇ. ಆದರೆ ಮುಂದಿನ ಚಪ್ಪಲಿಗೆ ಹೋಗೋಣ ಅಂತ ಯಾರೂ ತಿಳಿಯುವುದಿಲ್ಲ.

ಮಾತಿಗೆ ಮಾತು ಜೋಡಿಸುವ ಗುರುತುಗಳಿಗೆ ಭಾಷಾವಿಜ್ಞಾನದಲ್ಲಿ ಕೊಹೀಷನ್ ಅನ್ನುತ್ತಾರೆ. ಎಲ್ಲ ಸೇರಿ ಒಂದು ಅರ್ಥವಾಗಿ ನಿಲ್ಲುವುದು ಕೊಹೆರೆನ್ಸ್. ಮೈಕೆಲ್ ಹ್ಯಾಲಿಡೇ ಮತ್ತು ರುಕೈಯಾ ಹಸನ್ 1976ರಲ್ಲಿ ಇಂಗ್ಲಿಷಿನ ಇಂಥ ಕೊಂಡಿಗಳನ್ನು ಐದು ಬಗೆಯಾಗಿ ವಿಂಗಡಿಸಿದರು. 'ಅವನು, ಅದು' ಎಂದು ತೋರಿಸುವುದು, ಒಂದರ ಬದಲು ಇನ್ನೊಂದು ಪದ ಇಡುವುದು, ಗೊತ್ತಿದ್ದದ್ದನ್ನು ಬಿಟ್ಟುಬಿಡುವುದು, 'ಆಮೇಲೆ, ಆದ್ದರಿಂದ' ಎಂದು ಸೇರಿಸುವುದು, ಅದೇ ಪದ ಅಥವಾ ಅದರ ನಂಟಿನ ಪದ ಮತ್ತೆ ತರುವುದು.

ಕೊಂಡಿ ಇದ್ದರೆ ಸಾಕಾ? ಸಾಲದು. "ಧಾರವಾಡದ ಪೇಡೆ ಹಾಲಿನದು. ಹಾಲು ಬಿಳಿ. ಬಿಳಿ ಮೋಡ ಉಣಕಲ್ ಕೆರೆಯ ಮೇಲಿದೆ. ಆ ಕೆರೆಗೆ ಸಂಜೆ ಜನ ಬರುತ್ತಾರೆ." ಪ್ರತಿ ವಾಕ್ಯವೂ ಹಿಂದಿನದರ ಕೈ ಹಿಡಿದಿದೆ, ಒಟ್ಟಿನಲ್ಲಿ ಏನೂ ಹೇಳಿಲ್ಲ.

ನಮ್ಮ ಕನ್ನಡದ್ದು ಇನ್ನೂ ಮಜಾ ಇದೆ. "ಗಿರ್ಮಿಟ್ ತಿಂದು, ಚಹಾ ಕುಡಿದು, ಬಸ್ ಹತ್ತಿ ಧಾರವಾಡಕ್ಕೆ ಬಂದಳು." ಕೊನೆಯ ಕ್ರಿಯಾಪದದ ತುದಿ ನೋಡಿದರೆ ಸಾಕು, ತಿಂದವಳು, ಕುಡಿದವಳು, ಹತ್ತಿದವಳು ಎಲ್ಲ ಒಬ್ಬಳೇ. ಹೀಗೆ 'ತಿಂದು, ಕುಡಿದು' ಎಂದು ಪೋಣಿಸುವಾಗ ಸಾಮಾನ್ಯವಾಗಿ ಕೆಲಸ ಮಾಡಿದವರು ಒಬ್ಬರೇ ಇರಬೇಕು. "ಅಣ್ಣ ಊಟ ಮಾಡಿ ತಮ್ಮ ಮಲಗಿದ" ಅಂದರೆ ಕಿವಿಗೆ ಸರಿ ಬರುವುದಿಲ್ಲ. 'ಊಟ ಮಾಡಿದ ಮೇಲೆ' ಬೇಕು. ಆದರೆ ಹಾವೇರಿ ಕಡೆಯ ರೈತರು "ಮಳೆ ಬಂದು ಮೆಣಸಿನಕಾಯಿ ಕೆಟ್ಟಿತು" ಅಂದರೆ ತಪ್ಪು ಅನಿಸುತ್ತದಾ? ಬಂದದ್ದು ಮಳೆ, ಕೆಟ್ಟದ್ದು ಮೆಣಸಿನಕಾಯಿ. ಒಣಹಾಕಿದ್ದು ನೆನೆದರೆ ಕೆಡುತ್ತದೆ ಅಂತ ನಮಗೆ ಗೊತ್ತು, ಅಲ್ವಾ? ಕಾರಣ ಕಣ್ಣಿಗೆ ಕಟ್ಟಿದರೆ ವ್ಯಾಕರಣವೂ ಸ್ವಲ್ಪ ಸಡಿಲ ಬಿಡುತ್ತದೆ. ಕೊಂಡಿಗಿಂತ ನಮಗೆ ಗೊತ್ತಿರುವುದೇ ಮಾತನ್ನು ಕೂಡಿಸುತ್ತದೆ ಅನ್ನುವುದಕ್ಕೆ ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಇದೇ.

ಇನ್ನೊಂದು ಸಾಕ್ಷಿ ಪ್ರಯೋಗದ್ದು. 1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಎಂಬ ಮನೋವಿಜ್ಞಾನಿಗಳು ಬಟ್ಟೆ ಒಗೆಯುವುದನ್ನು, ಬಟ್ಟೆ ಎಂಬ ಪದವೇ ಬರದಂತೆ, ಬರೆದು ಜನರಿಗೆ ಕೇಳಿಸಿದರು. ಮೊದಲೇ ವಿಷಯ ಹೇಳಿಸಿಕೊಂಡವರಿಗೆ ಚೆನ್ನಾಗಿ ತಿಳಿಯಿತು, ಜಾಸ್ತಿ ನೆನಪೂ ಉಳಿಯಿತು. ಕೇಳಿ ಮುಗಿದ ಮೇಲೆ ಹೇಳಿದ್ದು ಉಪಯೋಗಕ್ಕೆ ಬರಲಿಲ್ಲ.

ಎದುರಾಎದುರು ಮಾತಿಗೆ ಈ ತೊಂದರೆ ಕಡಿಮೆ. ಬಸ್ಸು, ಚಪ್ಪಲಿ ಇಬ್ಬರ ಕಣ್ಣೆದುರೇ ಇವೆ. ತಿಳಿಯದಿದ್ದರೆ "ಏನಂದ್ರಿ?" ಅಂತ ಕೇಳಬಹುದು. ಬರಹದಲ್ಲಿ ಅದಿಲ್ಲ, ಹಾಗಾಗಿ ಕೊಂಡಿ ಜಾಸ್ತಿ ಬೇಕು. ಸುಮ್ನೆ ತುರುಕಿದರೆ ಮಾತ್ರ ಕಷ್ಟ. "ಗದಗಿನಲ್ಲಿ ವೀರನಾರಾಯಣ ದೇವಸ್ಥಾನವಿದೆ. ಆದ್ದರಿಂದ ಅಲ್ಲಿ ಮುದ್ರಣಾಲಯಗಳಿವೆ" ಎಂದು ಬರೆದು ನೋಡಿ. ಓದುವವರು ಆ 'ಆದ್ದರಿಂದ'ವನ್ನು ನಂಬಿ, ದೇವಸ್ಥಾನದ ಪಂಚಾಂಗ ಅಚ್ಚು ಹಾಕೋಕೆ ಶುರುವಾಗಿರಬೇಕು ಅಂತ ಇಲ್ಲದ ಕಥೆಯೊಂದನ್ನು ತಾವೇ ಕಟ್ಟಿಕೊಳ್ಳುತ್ತಾರೆ.